ಕುದುರೆಮುಖಕ್ಕೆ ಒಬ್ಬನೇ, ಬೈನಾಕ್ಯುಲರ್ ಹಿಡ್ಕೊಂಡು: ತುದಿ ಮುಟ್ಟೋದಾ, ಹಕ್ಕಿ ನೋಡೋದಾ?

ತುಂಗಾದಂಡೆ
ನವೆಂಬರ್ 9, ರಾತ್ರಿ 9:40

ಶಿವಮೊಗ್ಗದವನು. ಡಿಸೆಂಬರ್ ಮೊದಲ ವಾರ ಕುದುರೆಮುಖಕ್ಕೆ ಹೋಗೋಣ ಅಂತಿದೀನಿ, ಒಬ್ಬನೇ. ಸ್ನೇಹಿತರಿಲ್ಲ ಅಂತಲ್ಲ. ಅವರ ಜೊತೆ ಕೊಡಚಾದ್ರಿ, ನರಸಿಂಹ ಪರ್ವತ ಎಲ್ಲ ಆಗಿದೆ. ಮುಂದಿದ್ದವರು ಓಡ್ತಾರೆ, ಹಿಂದಿದ್ದವರು ಹಾಡ್ತಾರೆ, ನಡುವೆ ನಾನು ಬೈನಾಕ್ಯುಲರ್ ಎತ್ತೋ ಹೊತ್ತಿಗೆ ಕೊಂಬೆ ಖಾಲಿ.

ಕೇಳ್ಬೇಕಾಗಿದ್ದು ಇಷ್ಟು. ಒಬ್ಬರಿಗೆ ಬುಕಿಂಗ್ ಕೊಡ್ತಾರಾ? ಗೈಡ್ ಬೇಕೇ ಬೇಕಾ? ಸ್ವಂತ ಗಾಡಿ ಇಲ್ಲ, ಬಸ್ಸಲ್ಲಿ ಎಲ್ಲಿವರೆಗೆ ಹೋಗ್ಬಹುದು? ಆಮೇಲೆ ನನಗೆ ಮುಖ್ಯವಾದದ್ದು: ತುದಿಗೆ ಹೋಗಿ ಬರೋಕೇ ಇಡೀ ದಿನ ಬೇಕು ಅಂತಾರೆ. ಅದರಲ್ಲಿ ಹಕ್ಕಿ ನೋಡೋಕೆ ಪುರುಸೊತ್ತು ಸಿಗುತ್ತಾ? ನನ್ನ ಹತ್ರ 8×42 ಬೈನಾಕ್ಯುಲರ್ ಇದೆ, ಕ್ಯಾಮೆರಾ ಇಲ್ಲ, ತರೋ ಆಸೆನೂ ಇಲ್ಲ.

ಸಂಸೆ ಜೀಪು
ನವೆಂಬರ್ 9, ರಾತ್ರಿ 10:15

ಒಬ್ಬರಿಗೂ ಬುಕಿಂಗ್ ಉಂಟು ಮಾರಾಯ್ರೆ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲೇ ಮಾಡ್ಬೇಕು, ಗೇಟಿಗೆ ಬಂದು ಕೈಕಾಲು ಹಿಡಿದ್ರೆ ಆಗೋದಿಲ್ಲ. 2024ರ ಜನವರಿ ಕೊನೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದ್ರಲ್ಲ, ಆಮೇಲೆ ಎಲ್ಲ ಕಡೆ ಬಿಗಿ ಆಯ್ತು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಶನಿವಾರ ಭಾನುವಾರದ್ದು ಬೇಗ ತುಂಬ್ತದೆ, ನೀವು ವಾರದ ನಡುವೆ ನೋಡಿ. ಬುಕಿಂಗಿಗೆ ಕೊಟ್ಟ ಗುರುತಿನ ಚೀಟಿಯನ್ನೇ ತನ್ನಿ.

ಬಸ್ಸಿಗೆ ತೀರ್ಥಹಳ್ಳಿ, ಕೊಪ್ಪ ಮೇಲೆ ಕಳಸ. ಕಳಸದಿಂದ ಕುದುರೆಮುಖದ ಕಡೆ ಹೋಗೋ ಬಸ್ಸು ಹಿಡಿದು ಸಂಸೆ ದಾಟಿ ಬಾಳೆಗಲ್ಲಲ್ಲಿ ಇಳೀರಿ. ಅಲ್ಲಿಂದ ಮುಳ್ಳೋಡಿಗೆ ಜೀಪು, ಸುಮಾರು 6 ಕಿ.ಮೀ. ಅದನ್ನ ರಸ್ತೆ ಅಂತ ಕರೆಯೋದು ನಮ್ಮ ಧಾರಾಳ. ಬಾಡಿಗೆ ಜೀಪಿಗೆ, ತಲೆಗಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಬಂದು ಹೋಂಸ್ಟೇಲಿ ಉಳಿದ್ರೆ ಪಾಲಿಗೆ ಯಾರಾದ್ರೂ ಸಿಗ್ತಾರೆ.

ಗೈಡ್ ಕಡ್ಡಾಯ. ಮುಳ್ಳೋಡಿಯಿಂದ ಹೋಗಿ ಬರೋದು 20 ಕಿ.ಮೀ. ಹತ್ತಿರ ಆಗ್ತದೆ. ಕತ್ತಲೆಗೆ ಮುಂಚೆ ಕೆಳಗಿರ್ಬೇಕು. ಮೇಲೆ ಟೆಂಟು ಗಿಂಟು ಇಲ್ಲ.

ಜಿಪಿಎಸ್ ಗೌಡ
ನವೆಂಬರ್ 9, ರಾತ್ರಿ 11:02

ಗೈಡ್ ಕಡ್ಡಾಯ ಅಂದ್ಮೇಲೆ ಅದು ಒಂಟಿ ಚಾರಣ ಹೇಗಾಗುತ್ತೆ? ದಾರಿ ಕಾಲಿಗೆ ಸವೆದು ಬೋಳಾಗಿದೆ, ಕಣ್ಣು ಕಟ್ಟಿಕೊಂಡು ನಡೆದ್ರೂ ತುದಿಗೆ ತಲುಪ್ತೀರ. ಟ್ರ್ಯಾಕ್ ಫೈಲ್ ಫೋನಲ್ಲಿ ಹಾಕ್ಕೊಂಡ್ರೆ ಮುಗೀತು. ಹಿಂದಿನ ಕಾಲದಲ್ಲಿ ನಾವೆಲ್ಲ ಹಳ್ಳಿಯವರ ಹತ್ರ ದಾರಿ ಕೇಳ್ಕೊಂಡೇ ಹೋಗ್ತಿದ್ವಿ. ಈಗ ಕಾಡಿಗೆ ಹೋಗೋಕೂ ಒಟಿಪಿ.

ಸಂಸೆ ಜೀಪು
ನವೆಂಬರ್ 10, ಬೆಳಿಗ್ಗೆ 6:30

ಗೌಡ್ರೆ, ಬಿಸಿಲಿದ್ದಾಗ ನೀವು ಹೇಳಿದ್ದು ಸರಿ. ಮಂಜು ಬಿದ್ದ ಮೇಲೆ ಹುಲ್ಲಿನ ಗುಡ್ಡದಲ್ಲಿ ಕಾಟಿ (ಕಾಡುಕೋಣ) ನಡೆದ ದಾರಿ ಯಾವುದು, ಮನುಷ್ಯ ನಡೆದ ದಾರಿ ಯಾವುದು ಅಂತ ನಿಮ್ಮ ಫೋನಿಗೆ ಗೊತ್ತಾಗ್ತದಾ? ಎರಡೂ ಅಷ್ಟೇ ಬೋಳು. ನೆಟ್‌ವರ್ಕ್ ಮುಳ್ಳೋಡಿಗಿಂತ ಮುಂಚೆನೇ ಹೋಗಿರ್ತದೆ. ಒಂಟಿ ಕಾಟಿ ತಿರುವಿನಲ್ಲಿ ಎದುರಾದ್ರೆ ಆ ಕಡೆ ಹೋಗ್ಬೇಕಾ ಈ ಕಡೆ ಹೋಗ್ಬೇಕಾ, ನಿಂತೇ ಇರ್ಬೇಕಾ ಅನ್ನೋದು ನಮ್ಮ ಹುಡುಗರಿಗೆ ಗೊತ್ತು. ಇನ್ನೊಂದು, ಇದು ರಾಷ್ಟ್ರೀಯ ಉದ್ಯಾನ. ಗೈಡ್ ಇಲ್ದೆ ಸಿಕ್ಕಿಬಿದ್ರೆ ಕೇಸು ಹಾಕೋದು ನಿಮ್ಮ ಮೇಲೆ, ಬೈಸಿಕೊಳ್ಳೋದು ಇಡೀ ಊರು.

ಕಾನಂಚು
ನವೆಂಬರ್ 10, ಬೆಳಿಗ್ಗೆ 8:50

ತುಂಗಾದಂಡೆಯವರ ಕೊನೆ ಪ್ರಶ್ನೆಗೆ ಮಾತ್ರ ಉತ್ತರ ಹೇಳ್ತೀನಿ. ಪುರುಸೊತ್ತು ಸಿಗೋದಿಲ್ಲ. ತುದಿ ಬಿಡಿ.

ಲೆಕ್ಕ ಸರಳ. ತುದಿ 1,894 ಮೀಟರ್. ಹೊತ್ತು ಮುಳುಗೋದ್ರೊಳಗೆ ಇಳಿದು ಬರ್ಬೇಕು ಅಂದ್ರೆ ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಕಾಲು ನಿಲ್ಲಿಸೋ ಹಾಗಿಲ್ಲ. ಹಕ್ಕಿಗಳ ಹೊತ್ತೂ ಅದೇ. ಹತ್ತೂವರೆ ಮೇಲೆ ಹುಲ್ಲಿಗೆ ಬಿಸಿಲು ಏರಿದ್ರೆ ಮೇಲೆ ಹದ್ದು ಗಿಡುಗ ಬಿಟ್ರೆ ಎಲ್ಲ ಸುಮ್ಮನಾಗುತ್ತೆ. ಅಂದ್ರೆ ಒಳ್ಳೆ ಹೊತ್ತನ್ನ ನಿಮ್ಮ ಮುಂದಿನವರ ಹಿಮ್ಮಡಿ ನೋಡ್ತಾ ಕಳೆದು, ಕೆಟ್ಟ ಹೊತ್ತಿನಲ್ಲಿ ತುದಿಯಲ್ಲಿ ಕೂತು ಚಿತ್ರಾನ್ನ ತಿಂತೀರಿ.

ಅಲ್ಲಿ ನೋಡ್ಬೇಕಾದ್ದು ಶೋಲಾ ಅಂಚು. ಗುಡ್ಡದ ಮೈಯೆಲ್ಲ ಹುಲ್ಲು, ನೀರು ಹರಿಯೋ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಕಾಡು. ಹುಲ್ಲು ಮುಗಿದು ಮರ ಶುರುವಾಗೋದು ನಾಲ್ಕು ಹೆಜ್ಜೆಯೊಳಗೆ. ಆ ನಾಲ್ಕು ಹೆಜ್ಜೆ ಜಾಗದಲ್ಲಿ ಎರಡೂ ಕಡೆಯವು ಸಿಗ್ತವೆ. ಹುಲ್ಲಿನ ಕಡೆ ಮಲಬಾರ್ ನೆಲಗುಬ್ಬಿ, ಕಲ್ಲಿನ ಮೇಲೆ ಪೈಡ್ ಬುಷ್‌ಚಾಟ್, ಚಳಿಗಾಲಕ್ಕೆ ಬರೋ ಚಾಣ ಅನ್ನೋ ಸಣ್ಣ ಬೇಟೆ ಹಕ್ಕಿ. ಮರದ ಕಡೆ ಚೌಕ ಬಾಲದ ಕರಿ ಪಿಕಳಾರ, ಹಳದಿ ಹುಬ್ಬಿನ ಪಿಕಳಾರ, ಕೇಸರಿ ಚಿತ್ರಪಕ್ಷಿ. ಅದೃಷ್ಟ ಇದ್ರೆ ನೀಲಗಿರಿ ಕಾಡುಪಾರಿವಾಳ, ಕತ್ತಿನ ಹಿಂದೆ ಕಪ್ಪು ಬಿಳಿ ಚೌಕಳಿ ಇರೋದು.

ಚಳಿಗಾಲದಲ್ಲಿ ಇವು ಬಿಡಿಬಿಡಿಯಾಗಿ ಓಡಾಡೋದು ಕಡಿಮೆ. ಬೇರೆ ಬೇರೆ ಜಾತಿಯವು ಸೇರಿ ಒಂದು ತಂಡ ಕಟ್ಟಿಕೊಂಡು ಹುಳು ಹಿಡೀತಾ ಹೋಗ್ತವೆ. ಎಲೆ ಕೆಳಗಿನದು ಒಂದು ಕೆದಕಿದ್ರೆ, ಹಾರಿ ತಪ್ಪಿಸಿಕೊಂಡಿದ್ದನ್ನ ಇನ್ನೊಂದು ಹಿಡಿಯುತ್ತೆ. ಭೀಮರಾಜ (ಕಾಜಾಣದ ಜಾತಿಯದು) ಸಾಮಾನ್ಯವಾಗಿ ಆ ತಂಡದಲ್ಲಿ ಇದ್ದೇ ಇರುತ್ತೆ. ನೀವು ತಂಡದ ಹಿಂದೆ ಓಡಿದ್ರೆ ಬಾಲ ಮಾತ್ರ ಕಾಣುತ್ತೆ. ಒಂದೇ ಕಡೆ ನಿಂತ್ರೆ ತಂಡವೇ ನಿಮ್ಮ ತಲೆ ಮೇಲೆ ಬಂದು ಹತ್ತು ನಿಮಿಷ ಇದ್ದು ಹೋಗುತ್ತೆ. ಬರದೇನೂ ಇರಬಹುದು, ಅದು ಬೇರೆ.

ಒಂದು ಬೇಜಾರಿನ ವಿಷಯನೂ ಹೇಳ್ಬಿಡ್ತೀನಿ. ಈ ಹುಲ್ಲುಗಾವಲಿನ ನಿಜವಾದ ಒಡೆಯ ಅಗಲ ಬಾಲದ ಹುಲ್ಲುಹಕ್ಕಿ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಮರಿ ಮಾಡೋದಿಲ್ಲ. ಅದು ಹುಲ್ಲಿನ ಮೇಲೆ ಹಾರಿ ಹಾಡೋದು ಮಳೆಗಾಲದಲ್ಲಿ. ಆಗ ನಾವು ಹೋಗಿ ನಿಲ್ಲೋಕೆ ಆಗೋದಿಲ್ಲ, ಗಾಳಿಗೆ ಕೊಡೆ ತಿರುಗುತ್ತೆ. ನಾವು ಹೋಗೋ ಡಿಸೆಂಬರಲ್ಲಿ ಅದು ಬಾಯಿ ಮುಚ್ಚಿಕೊಂಡು ಹುಲ್ಲಿನ ಬುಡದಲ್ಲಿ ಅಡಗಿರುತ್ತೆ. ಅದನ್ನ ನೋಡೇ ಬರ್ತೀನಿ ಅಂತ ಹೊರಡ್ಬೇಡಿ.

ಬೆಂಗ್ಳೂರ್ ಲಾಸ್ಟ್ ಬಸ್
ನವೆಂಬರ್ 10, ಬೆಳಿಗ್ಗೆ 9:12

ಕುದುರೆಮುಖಕ್ಕೆ ಹೋಗಿ ತುದಿ ಬಿಟ್ಟು ಬರೋದಾ? ತಿರುಪತಿಗೆ ಹೋಗಿ ಬರೀ ಲಡ್ಡು ತಂದಂಗಾಯ್ತು.

ಕಾನಂಚು
ನವೆಂಬರ್ 10, ಬೆಳಿಗ್ಗೆ 9:20

ಲಡ್ಡುಗೇ ಹೋಗೋರಿಗೆ ಕ್ಯೂ ಯಾಕೆ ಸ್ವಾಮಿ?

ಉಣುಗು ಡ್ಯೂಟಿ
ನವೆಂಬರ್ 10, ಮಧ್ಯಾಹ್ನ 2:05

ತೀರ್ಥಹಳ್ಳಿ ಕಡೆ ಆರೋಗ್ಯ ಇಲಾಖೆಯಲ್ಲಿ ಕೆಲಸ. ಎಲ್ಲರೂ ಹಕ್ಕಿ ಬಗ್ಗೆ ಹೇಳಿದ್ರಿ, ಮಂಗನ ಕಾಯಿಲೆ ಬಗ್ಗೆ ಒಬ್ಬರೂ ಎತ್ತಲಿಲ್ಲ. ಹೊರಗಿನವರಿಗೆ ಗೊತ್ತಿಲ್ಲ ಅಂದ್ರೆ ಸರಿ, ಶಿವಮೊಗ್ಗದವರೇ ಮರೆತ್ರೆ ಹೇಗೆ? 1957ರಲ್ಲಿ ಈ ವೈರಸ್ ಗುರುತಿಸಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಅದರ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದ್ರೆ ನೀವು ಹೊರಡೋ ಹೊತ್ತಿಗೇ ಶುರು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಯೂ ಬಂದಿದೆ.

ಹಕ್ಕಿ ನೋಡೋರಿಗೆ ಯಾಕೆ ಹೇಳ್ತಿದೀನಿ ಅಂದ್ರೆ, ಚಾರಣದವರು ನಡೀತಾ ಹೋಗ್ತಾರೆ, ನೀವು ಕೂರ್ತೀರಿ. ಅದೂ ತರಗೆಲೆ ಮೇಲೆ, ಮರದ ಬುಡಕ್ಕೆ ಒರಗಿ, ಅರ್ಧ ಗಂಟೆ. ಈ ಕಾಯಿಲೆ ಹರಡೋ ಉಣುಗಿನ (ಉಣ್ಣೆ ಹುಳದ) ಮರಿಗಳು ಇರೋದು ಅಲ್ಲೇ. ಸಾಸಿವೆ ಕಾಳಿಗಿಂತ ಸಣ್ಣ, ಹತ್ತಿದ್ದು ಗೊತ್ತಾಗೋದಿಲ್ಲ. ಹಾಗಾಗಿ ಬಂಡೆ ಮೇಲೆ ಕೂರಿ, ಇಲ್ಲಾಂದ್ರೆ ಒಂದು ತಿಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಹಾಸ್ಕೊಳ್ಳಿ, ಹತ್ತಿದ್ರೆ ಕಾಣುತ್ತೆ. ಪ್ಯಾಂಟಿನ ಕಾಲು ಸಾಕ್ಸ್ ಒಳಗೆ. ಕೈಕಾಲಿಗೆ ಉಣುಗು ಹತ್ತದಂತೆ ತಡೆಯೋ ಡೀಪಾ ಎಣ್ಣೆ ಹಚ್ಚಿ, ಕಾಯಿಲೆ ಇರೋ ಊರುಗಳಲ್ಲಿ ಆರೋಗ್ಯ ಕೇಂದ್ರದಲ್ಲೇ ಕೊಡ್ತೀವಿ. ವಾಪಸ್ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ದಾರಿಯಲ್ಲಿ ಸತ್ತ ಮಂಗ ಕಂಡ್ರೆ ಹತ್ರ ಹೋಗಿ ಫೋಟೊ ತೆಗೀಬೇಡಿ, ಗೈಡ್‌ಗೆ ಹೇಳಿ.

ಬಂದ ಮೇಲೆ ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಮೈಕೈ ನೋವು ಬಂದ್ರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಮೊದಲು ಹೇಳಿ. ಹಳೇ ಲಸಿಕೆ 2022ರಲ್ಲಿ ನಿಂತುಹೋಯ್ತು, ಈಗ ಎಚ್ಚರವೇ ಔಷಧ. ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ, ಅಷ್ಟರ ಮಟ್ಟಿಗೆ ಧೈರ್ಯವಾಗಿರಿ.

ಬೆಂಗ್ಳೂರ್ ಲಾಸ್ಟ್ ಬಸ್
ನವೆಂಬರ್ 10, ಮಧ್ಯಾಹ್ನ 2:30

ನಾನು ಇಂಬಳಕ್ಕೆ (ಜಿಗಣೆಗೆ) ಉಪ್ಪು ಸಾಕು ಅಂದ್ಕೊಂಡಿದ್ದೆ 😐

ಸಂಸೆ ಜೀಪು
ನವೆಂಬರ್ 10, ಮಧ್ಯಾಹ್ನ 3:10

ಇಂಬಳ ಡಿಸೆಂಬರಲ್ಲಿ ಹುಲ್ಲಿನ ಮೇಲೆ ಇರೋದಿಲ್ಲ, ತೊರೆ ಹತ್ರ ಒದ್ದೆ ಇದ್ದಲ್ಲಿ ಇರ್ತದೆ. ಉಪ್ಪಿನ ಪೊಟ್ಟಣ ಒದ್ದೆಯಾಗಿ ಉಪಯೋಗಕ್ಕೆ ಬರೋದಿಲ್ಲ. ಹೊಗೆಸೊಪ್ಪು ಸುಣ್ಣ ಸಾಕ್ಸಿಗೆ ತಿಕ್ಕಿ.

ಆ್ಯಪ್ ಅಣ್ಣ
ನವೆಂಬರ್ 10, ಸಂಜೆ 7:45

ಕ್ಯಾಮೆರಾ ಇಲ್ಲದಿದ್ರೂ ಮರ್ಲಿನ್ ಆ್ಯಪ್ ಹಾಕ್ಕೊಳ್ಳಿ. ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತೆ. ನಮ್ಮ ಪ್ರದೇಶದ ಪ್ಯಾಕ್ ಮನೆಯಲ್ಲೇ ಡೌನ್‌ಲೋಡ್ ಮಾಡಿದ್ರೆ ಇಂಟರ್‌ನೆಟ್ ಇಲ್ದೆ ಕೆಲಸ ಮಾಡುತ್ತೆ. ಶೋಲಾದಲ್ಲಿ ಕಾಣೋದಕ್ಕಿಂತ ಕೇಳೋದೇ ಜಾಸ್ತಿ, ಒಬ್ಬರೇ ಹೋಗೋರಿಗೆ ಇದೇ ಜೊತೆಗಾರ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಕೊಂಡ್ರೆ ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್) ಕೂಗು ಹಾಕಿ ಹತ್ತಿರಕ್ಕೂ ಕರೀಬಹುದು.

ಕಾನಂಚು
ನವೆಂಬರ್ 10, ರಾತ್ರಿ 8:30

ಅಣ್ಣ, ಆ್ಯಪ್‌ಗೆ ನಂದೂ ಓಟು, ಸ್ಪೀಕರ್‌ಗೆ ಖಂಡಿತ ಇಲ್ಲ. ಕೂಗು ಹಾಕಿದಾಗ ಹಕ್ಕಿ ಹತ್ರ ಬರೋದು ನಿಮ್ಮನ್ನ ನೋಡೋಕಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಜಗಳಕ್ಕೆ ಬರೋದು. ಗೂಡಿನ ಕಾಲದಲ್ಲಾದ್ರೆ ಮೊಟ್ಟೆ ಬಿಟ್ಟು ಬರುತ್ತೆ. ದಿನಕ್ಕೆ ನೂರಾರು ಜನ ಹೋಗೋ ದಾರಿ ಪಕ್ಕ ಎಲ್ಲರೂ ಇದನ್ನೇ ಮಾಡಿದ್ರೆ ಆ ಹಕ್ಕಿ ಊಟ ಯಾವಾಗ ಮಾಡ್ಬೇಕು? ರಾಷ್ಟ್ರೀಯ ಉದ್ಯಾನದೊಳಗೆ ಸ್ಪೀಕರ್ ಕಂಡ್ರೆ ಗೈಡೇ ಕಿತ್ಕೊಳ್ತಾನೆ, ಕಿತ್ಕೊಳ್ಳಲಿ.

ಆ್ಯಪ್‌ನಲ್ಲೂ ಒಂದು ಹುಷಾರು. ಭೀಮರಾಜ ಪಕ್ಕಾ ಮಿಮಿಕ್ರಿ ಕಲಾವಿದ. ಪನ್ನಗಾರಿ ಹದ್ದಿನ ಶಿಳ್ಳೆ, ಕುಟ್ರು ಹಕ್ಕಿ, ಬೆಕ್ಕು, ಯಾವುದನ್ನ ಬೇಕಾದ್ರೂ ಹೊಡೆಯುತ್ತೆ. ಫೋನು ಪಾಪ ಕೇಳಿಸಿದ್ದನ್ನ ನಂಬುತ್ತೆ. ಒಂದೇ ಮರದಿಂದ ಐದು ನಿಮಿಷದಲ್ಲಿ ನಾಲ್ಕು ಜಾತಿ ಬಂತು ಅಂದ್ರೆ ಪಟ್ಟಿಗೆ ಸೇರಿಸೋಕೆ ಮುಂಚೆ ತಲೆ ಎತ್ತಿ ಆ ಮರದಲ್ಲಿ ಎರಡು ಉದ್ದ ತಂತಿ ಬಾಲ ನೇತಾಡ್ತಿದೆಯಾ ನೋಡಿ.

ಹಳೇ ಟೌನ್‌ಶಿಪ್
ನವೆಂಬರ್ 11, ಬೆಳಿಗ್ಗೆ 7:15

ನಾನು ಬೆಳೆದದ್ದು ಕುದುರೆಮುಖ ಪಟ್ಟಣದಲ್ಲಿ, ಅಪ್ಪ ಅಲ್ಲಿನ ಕಬ್ಬಿಣದ ಅದಿರು ಗಣಿ ಕಂಪನಿಯಲ್ಲಿದ್ದರು. ಕಂಪನಿ ಶುರುವಾದದ್ದು 1976ರಲ್ಲಿ, ಸುತ್ತಲಿನ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ. ಅಂದರೆ ಗಣಿಯೂ ಸಿಂಗಳೀಕವೂ ಒಂದೇ ವಿಳಾಸದಲ್ಲಿ ಬಹಳ ಕಾಲ ಇದ್ದವು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ನಮ್ಮ ಮನೆಯಲ್ಲಿ ಆ ಡಿಸೆಂಬರ್ ಯಾರೂ ಹೊಸ ವರ್ಷದ ಮಾತಾಡಲಿಲ್ಲ. ಕಾಡು ಉಳಿದದ್ದು ಒಳ್ಳೆಯದೇ, ಅಪ್ಪನೂ ಆಮೇಲೆ ಅದನ್ನೇ ಹೇಳಿದರು. ಆದರೆ ಚರ್ಚೆಗಳಲ್ಲಿ ಗಣಿಯವರೆಲ್ಲ ರಾಕ್ಷಸರು ಅನ್ನುವ ಹಾಗೆ ಬರೆಯುವುದನ್ನು ಕಂಡಾಗ ಈಗಲೂ ಚುರುಕ್ಕೆನ್ನುತ್ತದೆ.

ಹಕ್ಕಿ ವಿಷಯ. ಮಲಬಾರ್ ಸಿಳ್ಳಾರವನ್ನು ನಾವು ನೋಡಲು ಕಾಡಿಗೆ ಹೋಗುತ್ತಿರಲಿಲ್ಲ. ಬೆಳಗಿನ ಜಾವ ಕ್ವಾರ್ಟರ್ಸ್ ಹಿಂದಿನ ಚರಂಡಿ ಕಟ್ಟೆ ಮೇಲೆ ಕೂತು ಶಿಳ್ಳೆ ಹಾಕುತ್ತಿತ್ತು. ರಾಗ ಹಿಡಿದು, ಅರ್ಧಕ್ಕೆ ಬಿಟ್ಟು, ಮತ್ತೆ ಬೇರೆ ಕಡೆಯಿಂದ ಹಿಡಿಯುವುದು. ಆದರೆ ಆ ಪೂರ್ತಿ ಹಾಡು ಮುಂಗಾರಿನ ಮುಂಚೆ ಮತ್ತು ಮಳೆಗಾಲದಲ್ಲಿ. ಡಿಸೆಂಬರಿನಲ್ಲಿ ತೊರೆಯ ಕಲ್ಲುಗಳ ನಡುವಿನಿಂದ ಚೂಪಾದ ಒಂದೇ ಒಂದು ಶಿಳ್ಳೆ ಕೇಳಿಸೀತು. ಕಪ್ಪಗೆ ಕಾಣುವ ಹಕ್ಕಿ ಬಿಸಿಲಿಗೆ ತಿರುಗಿದಾಗ ಭುಜ ಮತ್ತು ಹಣೆ ಕಡುನೀಲಿ ಹೊಳೆಯುತ್ತದೆ, ಅದನ್ನು ಕಾದು ನೋಡಿ.

ಹೊಸನಗರ ಹೊರಟ್ಲು
ನವೆಂಬರ್ 11, ಮಧ್ಯಾಹ್ನ 1:20

ಒಂಟಿ ಅಂದ ತಕ್ಷಣ ಗಂಡಸರೆಲ್ಲ ಗೈಡ್ ಬೇಕಾ ಬೇಡ್ವಾ ಅಂತ ಕೂತಿದೀರಿ. ಹೆಂಗಸರು ಒಬ್ಬರೇ ಹೊರಟ್ರೆ ಪ್ರಶ್ನೆಪತ್ರಿಕೆನೇ ಬೇರೆ. ಬಸ್ ಕಂಡಕ್ಟರಿಂದ ಹಿಡಿದು ಜೀಪಿನವರೆಗೆ ಎಲ್ಲರದೂ ಒಂದೇ ಸಾಲು: ಒಬ್ರೇನಾ? ಮನೇಲಿ ಗೊತ್ತಾ? ಒಂದು ಹೋಂಸ್ಟೇನಲ್ಲಂತೂ (ಯಾವುದು ಅಂತ ಬರೆಯೋಲ್ಲ) ಒಬ್ಬ ಹುಡುಗಿಗೆ ರೂಮ್ ಕೊಡೋದಿಲ್ಲ ಅಂತ ಫೋನಲ್ಲೇ ಇಟ್ಬಿಟ್ರು. ಈಗ ನಾನು ಬುಕ್ ಮಾಡುವಾಗಲೇ ಮನೆಯ ಹೆಂಗಸರ ಹತ್ರ ಮಾತಾಡಿಸಿ ಅಂತ ಕೇಳ್ತೀನಿ. ಅವರು ಒಪ್ಪಿದ್ರೆ ಮುಂದಿನದೆಲ್ಲ ಸಲೀಸು, ಬೆಳಿಗ್ಗೆ ಐದಕ್ಕೆ ಕಡುಬು ಚಟ್ನಿನೂ ಸಿಗುತ್ತೆ.

ಗೈಡ್ ಇದ್ರೆ ನನಗೆ ಒಳ್ಳೇದೇ ಅನ್ಸಿದೆ. ಹೊರಡೋಕೆ ಮುಂಚೆನೇ ಹೇಳ್ಬಿಡ್ತೀನಿ: ಅಣ್ಣ, ನಾನು ನಿಧಾನ, ತುಂಬ ನಿಲ್ತೀನಿ, ಮಾತಾಡೋದಿಲ್ಲ, ತುದಿಗೆ ಹೋಗದಿದ್ರೂ ನಿಮ್ಮ ದುಡ್ಡು ಪೂರ್ತಿ. ಈ ನಾಲ್ಕು ಮಾತು ಹೇಳದಿದ್ರೆ ಅವರು ಪಾಪ ನಿಮ್ಮನ್ನ ತುದಿ ಮುಟ್ಟಿಸೋದು ತಮ್ಮ ಕರ್ತವ್ಯ ಅಂತ ಬೆನ್ನು ಹತ್ತಿ ಓಡಿಸ್ತಾರೆ. ಬೇರೆ ಗುಂಪಿನ ಜೊತೆ ಸೇರಿಸ್ತೀವಿ ಅಂದ್ರೆ ಒಪ್ಕೋಬೇಡಿ. ಅಲ್ಲೇ ನಿಮ್ಮ ಹಕ್ಕಿ ಎಲ್ಲ ಹೋಯ್ತು.

ಜಿಪಿಎಸ್ ಗೌಡ
ನವೆಂಬರ್ 11, ಮಧ್ಯಾಹ್ನ 1:55

ತುದಿಗೆ ಹೋಗದೇ ಗೈಡ್‌ಗೆ ಪೂರ್ತಿ ದುಡ್ಡು! ಬೆಂಗಳೂರಲ್ಲಿ ಹುಟ್ಟಬೇಕಿತ್ತು ನೀವು.

ಹೊಸನಗರ ಹೊರಟ್ಲು
ನವೆಂಬರ್ 11, ಮಧ್ಯಾಹ್ನ 2:01

ಅವರ ದಿನ ನಾನು ತಗೊಂಡಿದೀನಿ, ಅವರ ಕಿಲೋಮೀಟರ್ ಅಲ್ಲ.

ಮಂಡಗದ್ದೆ ಮಳೆ
ನವೆಂಬರ್ 12, ರಾತ್ರಿ 9:30

ಹಕ್ಕಿನೇ ಮುಖ್ಯ ಅಂದ್ರೆ ಅಷ್ಟು ದೂರ ಯಾಕೆ? ಶಿವಮೊಗ್ಗದಿಂದ 30 ಕಿ.ಮೀ. ಬಂದ್ರೆ ತೀರ್ಥಹಳ್ಳಿ ರಸ್ತೆಯಲ್ಲೇ ಮಂಡಗದ್ದೆ. ಆದ್ರೆ ಡಿಸೆಂಬರಲ್ಲಿ ಬಂದು ನಮ್ಮನ್ನ ಬೈಬೇಡಿ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟೋದು ತುಂಗೆ ತುಂಬಿದಾಗ, ನಡುಗಡ್ಡೆ ಮರಗಳು ಸೊಂಟದವರೆಗೆ ನೀರಲ್ಲಿ ನಿಂತಾಗ. ಜುಲೈ ಆಗಸ್ಟಲ್ಲಿ ಬನ್ನಿ. ಹಾಗೇ ಫೆಬ್ರವರಿ ಮೇಲೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿಗೆ ಹೋದ್ರೆ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ. ಬೆಟ್ಟನೂ ಬೇಕು, ಚಿಕ್ಕದಿರಬೇಕು ಅಂದ್ರೆ ಕುದುರೆಮುಖದಲ್ಲೇ ಕುರಿಂಜಾಲ್ ಇದೆ.

ತುಂಗಾದಂಡೆ
ನವೆಂಬರ್ 12, ರಾತ್ರಿ 10:10

ಎಲ್ಲರಿಗೂ ಧನ್ಯವಾದ. ಬುಧವಾರಕ್ಕೆ ಬುಕಿಂಗ್ ಸಿಕ್ತು, ಮುಳ್ಳೋಡಿ ದಾರಿನೇ. ಹೋಂಸ್ಟೇಯವರು ಗೈಡ್‌ಗೆ ಹೇಳಿಟ್ಟಿದಾರೆ. ತುದಿ ಬಗ್ಗೆ ಇನ್ನೂ ಮನಸ್ಸು ಹೊಯ್ದಾಡ್ತಿದೆ. ಅಲ್ಲಿ ಹೋಗಿ ತೀರ್ಮಾನ ಮಾಡ್ತೀನಿ. ಬಂದು ಬರೀತೀನಿ.

ತುಂಗಾದಂಡೆ
ಡಿಸೆಂಬರ್ 6, ರಾತ್ರಿ 9:05

ಹೋಗಿ ಬಂದೆ. ತುದಿಗೆ ಹೋಗಲಿಲ್ಲ.

ಆರೂಕಾಲಿಗೆ ಮುಳ್ಳೋಡಿಯಲ್ಲಿ ಜೀಪಿಳಿದಾಗ ಬೆಳಕು ಬರ್ತಿತ್ತು ಅಷ್ಟೇ. ತಪಾಸಣೆ ಮುಗಿಸಿ ಹೊರಡೋವಾಗ ಗೈಡ್‌ಗೆ ಹೊಸನಗರದವರು ಹೇಳಿಕೊಟ್ಟ ನಾಲ್ಕು ಮಾತೂ ಹೇಳಿದೆ. ಅವರು ನಕ್ಕು, ಹಾಗಾದ್ರೆ ಈ ಗುಂಪುಗಳು ಮೊದಲು ಹೋಗ್ಲಿ ಅಂತ ನನ್ನನ್ನ ಒಂದು ಮನೆಯ ಜಗಲಿಯಲ್ಲಿ ಕೂರಿಸಿದ್ರು. ಮೂವತ್ತು ನಲವತ್ತು ಜನ ದಾಟಿದ್ರು. ಅವರ ಸದ್ದು ಗುಡ್ಡದ ಆಚೆ ಇಳಿದ ಮೇಲೆ ಹೊರಟ್ವಿ. ಈ ಒಂದು ಉಪಾಯಕ್ಕೇ ಅವರಿಗೆ ಪೂರ್ತಿ ದುಡ್ಡು ಕೊಡಬಹುದು ಗೌಡ್ರೆ.

ಅವರಿಗೆ ಹಕ್ಕಿಗಳ ಪುಸ್ತಕದ ಹೆಸರು ಗೊತ್ತಿರಲಿಲ್ಲ. ಆದ್ರೆ ಯಾವ ಮರ ಈಗ ಹಣ್ಣು ಬಿಟ್ಟಿದೆ ಅಂತ ಗೊತ್ತಿತ್ತು. ಒಂಟಿಮರ ಅನ್ನೋ ಜಾಗ ದಾಟಿ ಮುಂದಿನ ಶೋಲಾದಲ್ಲಿ ಒಂದು ಗೋಳಿ ಜಾತಿಯ ಮರದ ಕೆಳಗೆ ನಿಲ್ಲಿಸಿದ್ರು. ಅಲ್ಲೇ ಒಂಬತ್ತೂವರೆವರೆಗೆ ಇದ್ವಿ. ಮಂಗಟ್ಟೆ ಜೋಡಿ ಬಂತು, ಬೂದು ಬಣ್ಣದ ಮಲಬಾರ್ ಮಂಗಟ್ಟೆ. ಅದರ ಕೂಗು ಕಾಡೊಳಗೆ ಯಾರೋ ಕೆಟ್ಟದಾಗಿ ನಗೋದು ಅಂತಲೇ ಮೊದಲು ಅಂದ್ಕೊಂಡೆ. ಕರಿ ಪಿಕಳಾರಗಳ ಗಲಾಟೆಗೆ ಕೊನೆನೇ ಇರ್ಲಿಲ್ಲ.

ಕಾಕರಣೆ ಹಕ್ಕಿ ಕಂಡಿದ್ದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಗೈಡ್ ನನ್ನ ಮೊಣಕೈ ಮುಟ್ಟಿ ಬೆರಳು ತೋರಿಸಿದ್ರು, ಎಷ್ಟು ನೋಡಿದ್ರೂ ನನಗೆ ಕಂದು ಬಣ್ಣದ ಮುರಿದ ಕೊಂಬೆ ಬಿಟ್ರೆ ಏನೂ ಕಾಣ್ಲಿಲ್ಲ. ಆ ಕೊಂಬೆ ನಿಧಾನಕ್ಕೆ ತಲೆ ತಿರುಗಿಸ್ತು. ಬೆನ್ನು ನಮ್ಮ ಕಡೆ ಹಾಕಿ ನೆಟ್ಟಗೆ ಕೂತಿತ್ತು, ಬಾಲ ನೇರ ಕೆಳಕ್ಕೆ. ಕಪ್ಪು ತಲೆ, ಕಣ್ಣಿನ ಸುತ್ತ ನೀಲಿ ಉಂಗುರ. ನಾವು ಎಡಕ್ಕೆ ಒಂದು ಹೆಜ್ಜೆ ಇಟ್ರೆ ಅದೂ ಬೆನ್ನು ಅಷ್ಟೇ ತಿರುಗಿಸುತ್ತೆ. ಆ ಕೆಂಪು ಹೊಟ್ಟೆ ನಮಗೆ ತೋರಿಸಬಾರದು ಅಂತ ಹಟ. ಕೊನೆಗೆ ಒಂದು ಹುಳಕ್ಕೆ ಎಗರಿದಾಗ ಕೆಂಪು ಹೊಟ್ಟೆ, ಎದೆಯ ಬಿಳಿ ಪಟ್ಟಿ, ಬಾಲದ ಬಿಳಿ ಅಂಚು ಎಲ್ಲ ಒಂದೇ ಸಲ ಕಂಡು ಮುಗಿದೇ ಹೋಯ್ತು.

ಹತ್ತು ಗಂಟೆ ಮೇಲೆ ಹುಲ್ಲಿಗೆ ಬಂದ್ವಿ. ಚಾಣ ಗಾಳಿಗೆ ಎದುರಾಗಿ ನಿಂತಲ್ಲೇ ರೆಕ್ಕೆ ಬಡೀತಿತ್ತು. ರೆಕ್ಕೆ ಬಾಲ ಎಲ್ಲ ನಡುಗ್ತಿದ್ರೂ ತಲೆ ಮಾತ್ರ ಅಲ್ಲಾಡ್ತಿರಲಿಲ್ಲ. ಒಂದು ಕರಿಗಿಡುಗ ಶೋಲಾ ಮರಗಳ ನೆತ್ತಿಗೆ ತಾಗೋ ಹಾಗೆ ನಿಧಾನಕ್ಕೆ ಸುತ್ತು ಹಾಕ್ತಿತ್ತು, ರೆಕ್ಕೆ ಬಡಿದಿದ್ದೇ ಕಾಣ್ಲಿಲ್ಲ. ತುದಿ ಎದುರಿಗೇ ಕಾಣ್ತಿತ್ತು, ಅಲ್ಲಿ ಬಣ್ಣ ಬಣ್ಣದ ಚುಕ್ಕೆಗಳು ಏರ್ತಿದ್ವು. ಹೋಗೋಣ್ವಾ ಅಂತ ಗೈಡ್ ಕೇಳಿದ್ರು. ಮರದ ನೆರಳಿಗೆ ವಾಪಸ್ ಹೋಗೋಣ ಅಂದೆ.

ಈಗ ಒಂದು ಅನುಮಾನ. ಇಳಿಯುವಾಗ ತೊರೆ ದಾಟೋ ಜಾಗದಲ್ಲಿ, ಕತ್ತಲೆ ಪೊದೆ ಕೆಳಗೆ ಒಂದು ಚಿಕ್ಕ ಹಕ್ಕಿ. ಗುಬ್ಬಚ್ಚಿ ಗಾತ್ರ. ಮೇಲೆ ನೀಲಿ, ಗಂಟಲಿಂದ ಹೊಟ್ಟೆವರೆಗೆ ಕಿತ್ತಳೆ, ಕಣ್ಣಿನ ಮೇಲೆ ಬಿಳಿ ಗೆರೆ. ನೆಲದ ಮೇಲೇ ಕುಪ್ಪಳಿಸ್ತಾ ಎಲೆ ಎತ್ತಿ ನೋಡ್ತಿತ್ತು. ಬಾಲ ನಡುಗಿಸ್ತಾನೇ ಇತ್ತು. ಆ್ಯಪ್ ಏನೂ ಹೇಳ್ಲಿಲ್ಲ, ಅದು ಕೂಗಲೇ ಇಲ್ಲ. ಯಾವುದು?

ಆ್ಯಪ್ ಅಣ್ಣ
ಡಿಸೆಂಬರ್ 6, ರಾತ್ರಿ 9:25

ಟಿಕೆಲ್ಸ್ ನೀಲಿ ನೊಣಹಿಡುಕ. ಮಲೆನಾಡಲ್ಲಿ ಎಲ್ಲ ಕಡೆ ಇದೆ. ನೀಲಿ ಬೆನ್ನು ಕಿತ್ತಳೆ ಎದೆ ಅಂದ್ರೆ ಅದೇ.

ಮಂಡಗದ್ದೆ ಮಳೆ
ಡಿಸೆಂಬರ್ 6, ರಾತ್ರಿ 9:40

ನೀಲಿ ಟೋಪಿಯ ಬಂಡೆಸಿಳ್ಳಾರ ಇರಬಹುದಾ? ಅದೂ ಚಳಿಗಾಲಕ್ಕೆ ಬರುತ್ತೆ, ನೀಲಿ ಕಿತ್ತಳೆನೇ.

ಕಾನಂಚು
ಡಿಸೆಂಬರ್ 6, ರಾತ್ರಿ 10:20

ಎರಡೂ ಅಲ್ಲ ಅಂತ ನನ್ನ ಅನಿಸಿಕೆ. ಬಂಡೆಸಿಳ್ಳಾರ ಗುಬ್ಬಚ್ಚಿಗಿಂತ ದೊಡ್ಡದು, ಗಂಡಿಗೆ ರೆಕ್ಕೆಯಲ್ಲಿ ಬಿಳಿ ಮಚ್ಚೆ ಎದ್ದು ಕಾಣುತ್ತೆ, ಅದನ್ನ ನೀವು ಹೇಳಲಿಲ್ಲ. ಗಂಟಲೂ ನೀಲಿ ಅದಕ್ಕೆ. ಟಿಕೆಲ್ಸ್ ಕೂರೋದು ಕೊಂಬೆಯಲ್ಲಿ, ನೆಟ್ಟಗೆ, ಅಲ್ಲಿಂದ ಹಾರಿ ನೊಣ ಹಿಡಿದು ವಾಪಸ್. ನೆಲದಲ್ಲಿ ಎಲೆ ಕೆದಕ್ತಾ ಓಡಾಡೋದು ಅದರ ಜಾಯಮಾನ ಅಲ್ಲ. ಹೊಟ್ಟೆಯೂ ಬಿಳಿ.

ನೆಲ, ತೊರೆ ಪಕ್ಕದ ಕತ್ತಲೆ ಪೊದೆ, ನಡುಗೋ ಬಾಲ, ಬಿಳಿ ಹುಬ್ಬು: ಇಂಡಿಯನ್ ಬ್ಲೂ ರಾಬಿನ್ ಗಂಡು. ಬೇಸಿಗೆಯಲ್ಲಿ ಹಿಮಾಲಯದಲ್ಲಿ ಮರಿ ಮಾಡಿ, ಚಳಿಗಾಲ ಕಳೆಯೋಕೆ ನಮ್ಮ ಘಟ್ಟಕ್ಕೆ ಬರುತ್ತೆ, ಏಪ್ರಿಲ್ ಹೊತ್ತಿಗೆ ವಾಪಸ್. ಕಾಲು ನೋಡಿದ್ರಾ? ತೆಳು ಬಣ್ಣದ ಉದ್ದ ಕಾಲಿರಬೇಕು. ಕೆನ್ನೆ ಕಪ್ಪು.

ತುಂಗಾದಂಡೆ
ಡಿಸೆಂಬರ್ 6, ರಾತ್ರಿ 10:32

ಕಾಲು ಉದ್ದನೇ ಇತ್ತು, ಗುಲಾಬಿ ಥರ. ಕೆನ್ನೆ ಕಪ್ಪಿತ್ತು, ಅದಕ್ಕೇ ಹುಬ್ಬು ಅಷ್ಟು ಬೆಳ್ಳಗೆ ಕಂಡಿದ್ದು ಅನ್ಸುತ್ತೆ. ರೆಕ್ಕೆಯಲ್ಲಿ ಬಿಳಿ ಇರ್ಲಿಲ್ಲ, ಅದು ಖಾತ್ರಿ.

ಕಾನಂಚು
ಡಿಸೆಂಬರ್ 6, ರಾತ್ರಿ 10:40

ಹಾಗಾದ್ರೆ ಮುಗೀತು. ಕಂಡ ಹಕ್ಕಿಗಳನ್ನ ದಾಖಲಿಸೋ ಇ-ಬರ್ಡ್ ಜಾಲತಾಣದ ಪಟ್ಟಿಯಲ್ಲಿ ಹಾಕುವಾಗ ಟಿಪ್ಪಣಿಯಲ್ಲಿ ಈ ಹುಬ್ಬು, ಕೆನ್ನೆ, ಕಾಲು, ಬಾಲ ನಾಲ್ಕನ್ನೂ ಬರೀರಿ. ಫೋಟೊ ಇಲ್ಲದಿದ್ದಾಗ ಅದೇ ಸಾಕ್ಷಿ. ಸಮಯ, ನಿಂತ ದೂರನೂ ಹಾಕಿ.

ಹೊಸನಗರ ಹೊರಟ್ಲು
ಡಿಸೆಂಬರ್ 7, ಬೆಳಿಗ್ಗೆ 6:50

ಆ ಗೈಡ್ ನಂಬರ್ ಇಲ್ಲಿ ಹಾಕ್ಬೇಡಿ, ನನಗೆ ಮೆಸೇಜ್ ಮಾಡಿ. ಜನವರಿಯಲ್ಲಿ ಹೋಗೋ ಯೋಚನೆ ಇದೆ.

ಸಂಸೆ ಜೀಪು
ಡಿಸೆಂಬರ್ 7, ಬೆಳಿಗ್ಗೆ 7:30

ಜನವರಿ ಮೊದಲರ್ಧದಲ್ಲೇ ಬನ್ನಿ ಅಕ್ಕ. ಹುಲ್ಲು ಒಣಗಿದ ಮೇಲೆ ಕಾಡ್ಗಿಚ್ಚಿನ ಹೆದರಿಕೆಗೆ ಇಲಾಖೆಯವರು ದಾರಿ ಮುಚ್ಚಿಬಿಡ್ತಾರೆ, ಯಾವ ದಿನ ಅಂತ ಮೊದಲೇ ಹೇಳೋದಿಲ್ಲ. ಬಸ್ಸು ಹತ್ತೋಕೆ ಮುಂಚೆ ಜಾಲತಾಣ ಇನ್ನೊಂದು ಸಲ ನೋಡ್ಕೊಳ್ಳಿ.